ಬಚ್ಚಲೊಲೆ ಮುಂದಿನ ಓದು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲೇ ಇದೆ. ಹಾಸ್ಟೆಲಲ್ಲಿ ಪತ್ತೇದಾರಿ ಕಾದಂಬರಿ ಓದುತ್ತಿದ್ದಾಗ ರೂಮಿನವಳು "ಇದನ್ನೆಲ್ಲ ಓದ್ತೀಯಾ?" ಅಂದಳಂತೆ. ಆಮೇಲೆ ನೀನು ಅದಕ್ಕೆ ನ್ಯೂಸ್‌ಪೇಪರ್ ಬೈಂಡ್ ಹಾಕಿಕೊಂಡು ಓದಿದೆಯಂತೆ. ನೀನೇನೋ ನಗುತ್ತಾ ಹೇಳಿದೆ. ನನಗೆ ನಗು ಬರಲಿಲ್ಲ. ಅದೇ ಮಾತನ್ನು ನಾನೂ ಒಮ್ಮೆ ಆಡಿದ್ದೆ, ನಿನ್ನ ಅಜ್ಜಿಗೆ.

ಆಗ ನಾವು ಮೂಡಿಗೆರೆ ಹತ್ತಿರದ ತೋಟದಲ್ಲಿದ್ದೆವು. ತಾತ ಅಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು. ಅಜ್ಜಿ ಓದಿದ್ದು ನಾಲ್ಕನೇ ಕ್ಲಾಸು. ಸಂತೆಗೆ ಹೋದವರ ಕೈಲಿ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ತರಿಸುತ್ತಿದ್ದಳು. ದಿನಕ್ಕೆ ನಾಲ್ಕಾಣೆ ಬಾಡಿಗೆ. ಮಳೆಗಾಲದಲ್ಲಿ ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಬಚ್ಚಲೊಲೆ ಮುಂದೆ ಮಣೆ ಹಾಕಿಕೊಂಡು, ಒಂದು ಕೈಲಿ ಸೌದೆ ನೂಕುತ್ತಾ, ಬೆಂಕಿ ಬೆಳಕಲ್ಲೇ ಓದುತ್ತಿದ್ದಳು. ತುಟಿ ಅಲ್ಲಾಡುತ್ತಿತ್ತು. ಕೊಲೆ ನಡೆಯುವ ಜಾಗ ಬಂತೆಂದರೆ ಸೌದೆ ಮರೆತೇ ಹೋಗುತ್ತಿತ್ತು. ತಾತ ಒಳಗಿಂದ "ನೀರು ಕಾಯ್ತೋ ಇಲ್ವೋ" ಅಂತ ಕೂಗುತ್ತಿದ್ದರು.

ಹಾಗಂತ ಎಲ್ಲವನ್ನೂ ಹೊಗಳುತ್ತಿರಲಿಲ್ಲ. "ಈ ಪತ್ತೇದಾರನಿಗೆ ಹಸಿವೇ ಆಗಲ್ವಾ? ಬೆಳಿಗ್ಗೆಯಿಂದ ಕಾರಲ್ಲೇ ಸುತ್ತುತ್ತಿದ್ದಾನೆ" ಅಂತ ಬೈಯುತ್ತಿದ್ದಳು.

ನಾನು ಚಿಕ್ಕಮಗಳೂರಿಗೆ ಕಾಲೇಜಿಗೆ ಬಂದೆ. ನಾಲ್ಕು ದೊಡ್ಡ ಪುಸ್ತಕದ ಹೆಸರು ಕಲಿತದ್ದೇ ತಡ, ಕೋಡು ಮೂಡಿತು. ರಜೆಗೆ ಹೋದಾಗ "ಏನಮ್ಮಾ, ಇಂಥ ಕಸ ಓದ್ತೀಯಾ" ಅಂದೆ. ಅವಳು ಏನೂ ಅನ್ನಲಿಲ್ಲ. ಆಮೇಲೆ ನಾನು ಬರುವ ದಿನ ಪುಸ್ತಕ ಅಕ್ಕಿ ಡಬ್ಬದ ಹಿಂದೆ ಹೋಗುತ್ತಿತ್ತು.

ನಿನ್ನಪ್ಪ ಹೆಣ್ಣು ನೋಡಲು ಬಂದಾಗ, ಯಾವ ಪುಸ್ತಕ ಇಷ್ಟ ಅಂತ ಕೇಳಿದರು. ನಾನು ಒಂದು ದಪ್ಪ ಕಾದಂಬರಿಯ ಹೆಸರು ಹೇಳಿಬಿಟ್ಟೆ. ಓದಿದ್ದು ನಲವತ್ತು ಪುಟ. ಅವರು ಅದನ್ನು ಎರಡು ಸಲ ಓದಿದ್ದರು! "ಕೊನೆ ಹೇಗನ್ನಿಸ್ತು?" ಅಂದರು. ಕಾಫಿ ತರ್ತೀನಿ ಅಂತ ಅಡುಗೆಮನೆಗೆ ಓಡಿದೆ. ಅಲ್ಲಿ ಡಿಕಾಕ್ಷನ್ ಸೋಸುತ್ತಿದ್ದ ಅಜ್ಜಿ ಇಡೀ ಕೊನೆಯನ್ನು ಪಿಸುಗುಟ್ಟಿದಳು. ನಾನು ಮನೆಯಲ್ಲಿ ಬಿಟ್ಟುಹೋಗಿದ್ದ ಪುಸ್ತಕ ಅದು, ಒಂದೇ ವಾರದಲ್ಲಿ ಮುಗಿಸಿದ್ದಳಂತೆ. "ಚೆನ್ನಾಗಿದೆ, ಮಾತು ಸ್ವಲ್ಪ ಜಾಸ್ತಿ" ಅಂದಳು.

ನರಸಿಂಹಯ್ಯನವರು ಹುಟ್ಟಿದ್ದು ನಮ್ಮ ಚಿಕ್ಕಮಗಳೂರಲ್ಲೇ, ಅವರು ಓದಿದ್ದೂ ನಾಲ್ಕನೇ ಕ್ಲಾಸು, ಬರೆದದ್ದು ಐನೂರಕ್ಕೂ ಜಾಸ್ತಿ ಕಾದಂಬರಿ ಅಂತ ನನಗೆ ಗೊತ್ತಾಗಿದ್ದು ಅಜ್ಜಿ ಹೋದ ಮೇಲೆ. ಇದ್ದಾಗ ಹೇಳಿದ್ದರೆ ಎಷ್ಟು ಹಿಗ್ಗುತ್ತಿದ್ದಳೋ. ಮೂಡಿಗೆರೆಯ ತೇಜಸ್ವಿಯವರನ್ನೇ ನೋಡು. ಅಷ್ಟು ದೊಡ್ಡ ಲೇಖಕರು, ಕೆನೆತ್ ಆಂಡರ್ಸನ್‌ನ ಶಿಕಾರಿ ಕತೆಗಳನ್ನು ಕೂತು ಕನ್ನಡಕ್ಕೆ ತಂದರು. ಬರೀ ಹುಲಿ ಕತೆ ಅಂತ ಮೂಗು ಮುರಿಯಲಿಲ್ಲ. ನಿನ್ನ ರೂಮಿನವಳಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ, ಸುಮ್ನೆ ಆ ಬೈಂಡ್ ತೆಗೆದುಬಿಡು.

ಕಾಫಿಪುಡಿ, ಹಲಸಿನ ಹಪ್ಪಳದ ಜೊತೆ ಅಜ್ಜಿಯ ಎರಡು ಪುಸ್ತಕ ಇಟ್ಟಿದ್ದೇನೆ. ಲೈಬ್ರರಿ ಮುಚ್ಚುವಾಗ ತೂಕಕ್ಕೆ ಹಾಕಿದ್ದನ್ನು ಕೊಂಡಿಟ್ಟಿದ್ದಳು. ಹೊಗೆ ವಾಸನೆ ಇನ್ನೂ ಇದೆ. ಒಂದರ ನಾಲ್ಕನೇ ಪುಟದಲ್ಲೇ ಯಾರೋ ಪುಣ್ಯಾತ್ಮರು ಕೊಲೆಗಾರನ ಹೆಸರನ್ನು ಪೆನ್ಸಿಲಲ್ಲಿ ಬರೆದಿದ್ದರು. ರಬ್ಬರಲ್ಲಿ ಅಳಿಸಿದ್ದೇನೆ. ಬೆಳಕಿಗೆ ಹಿಡಿದು ನೋಡಬೇಡ.

ನಿನ್ನ
ಅಮ್ಮ