ಐಸಾಯಾ ಥಾಮಸನ ಜೀವನ ಬರೆಯುವ ಮುನ್ನ

ಚಿ. ವೈಶಾಲಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ನೀನಿರುವ ಅಮೆರಿಕದ ವೂಸ್ಟರ್ ಊರಿನ ಮುದ್ರಕ ಐಸಾಯಾ ಥಾಮಸನ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟಿದ್ದೀಯ, ಬಹಳ ಸಂತೋಷ. ಆದರೆ ನಿನ್ನ ಟಿಪ್ಪಣಿಯಲ್ಲಿ ಬಂದೂಕೇ ಮುಂದೆ ನಿಂತಿದೆ. ಅದನ್ನು ಸ್ವಲ್ಪ ಹಿಂದಕ್ಕೆ ಸರಿಸು. ಅವನು ಬ್ರಿಟಿಷ್ ಸೈನ್ಯದ ಎದುರು ನಿಂತದ್ದು ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದ 1775ರ ಏಪ್ರಿಲ್ 19ರಂದು. ಅಚ್ಚಿನ ಮೊಳೆ ಹಿಡಿದದ್ದು ಅದಕ್ಕೂ ಹತ್ತೊಂಬತ್ತು ವರ್ಷ ಮೊದಲು. 1749ರಲ್ಲಿ ಹುಟ್ಟಿದ ಹುಡುಗ 1756ರಲ್ಲಿ ಬಾಸ್ಟನ್ನಿನ ಒಂದು ಅಚ್ಚುಕೂಟ ಸೇರಿದ. ಮೊಳೆಯ ಖಾನೆಗಳು ಎಟುಕದೆ ಬೆಂಚಿನ ಮೇಲೆ ನಿಂತು ಜೋಡಿಸುತ್ತಿದ್ದ. ಅಕ್ಷರ ಜೋಡಿಸುತ್ತಲೇ ಓದಲು ಕಲಿತ. ಅಲ್ಲಿ ಅವನು ಕೆಲಸ ಕಲಿತ ಮರದ ಅಚ್ಚುಯಂತ್ರ ನಿನ್ನೂರಿನ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ ಎಂಬ ಸಂಶೋಧನಾ ಗ್ರಂಥಾಲಯದಲ್ಲಿ ಈಗಲೂ ಇದೆ. ಬರೆಯಲು ಕೂರುವ ಮೊದಲು ಅದರ ಮುಂದೆ ಅರ್ಧ ಗಂಟೆ ನಿಂತು ಬಾ.

ಆ ಯಂತ್ರಕ್ಕೆ ಇಬ್ಬರು ಬೇಕು. ಉಣ್ಣೆ ತುಂಬಿದ ಎರಡು ತೊಗಲಿನ ಚೆಂಡುಗಳಿಂದ ಒಬ್ಬ ಮಸಿ ಬಡಿಯುತ್ತಾನೆ, ಇನ್ನೊಬ್ಬ ಹಿಡಿಕೋಲು ಎಳೆಯುತ್ತಾನೆ. ಒತ್ತುವ ಹಲಗೆ ಚಿಕ್ಕದು, ಹಾಳೆಯ ಅರ್ಧಕ್ಕೆ ಮಾತ್ರ ಸಾಲುತ್ತದೆ. ಹಾಗಾಗಿ ಒಂದು ಮಗ್ಗುಲಿಗೆ ಎರಡು ಎಳೆತ. ನುರಿತ ಜೋಡಿ ಗಂಟೆಗೆ 250 ಹಾಳೆಗಳ ಒಂದು ಮಗ್ಗುಲು ಮುಗಿಸಬಹುದು. ಸಾವಿರ ಪ್ರತಿಗೆ ಲೆಕ್ಕ ಹಾಕು: 4,000 ಎಳೆತ, ಎಂಟು ಗಂಟೆ, ಅದೂ ಏನೂ ಕೆಡದಿದ್ದರೆ. ಕಾಗದವನ್ನು ಹಿಂದಿನ ದಿನವೇ ಒದ್ದೆ ಮಾಡಿ ಭಾರ ಹೇರಿಡಬೇಕು. ಒಣಗಿದ್ದರೆ ಅಕ್ಷರ ಮಸುಕು, ನೀರು ಹೆಚ್ಚಾದರೆ ಮಸಿ ಹರಡುತ್ತದೆ. ಮಸಿ ದಪ್ಪವಾದರೆ ಅಕ್ಷರದ ಹೊಟ್ಟೆ ತುಂಬಿಹೋಗುತ್ತದೆ. ಚೌಕಟ್ಟಿನ ಬಿಗಿ ಸಡಿಲಿದರೆ ಮೊಳೆಯೆಲ್ಲ ಉದುರಿ ಕಲಸಿಹೋಗುತ್ತವೆ. ಅವನ್ನು ಒಂದೊಂದಾಗಿ ಹೆಕ್ಕಿ ಖಾನೆಗೆ ಹಾಕುವುದರಲ್ಲಿ ದಿನವೇ ಹೋಗುತ್ತದೆ.

ಇಷ್ಟು ಗೊತ್ತಾದ ಮೇಲೆ 1775ರ ಏಪ್ರಿಲ್ 16ರ ರಾತ್ರಿಗೆ ಬಾ. ಬಾಸ್ಟನ್ ತುಂಬ ಬ್ರಿಟಿಷ್ ಸೈನಿಕರು. ಅವನು 1770ರಿಂದ ನಡೆಸುತ್ತಿದ್ದ 'ಮ್ಯಾಸಚೂಸೆಟ್ಸ್ ಸ್ಪೈ' ಪತ್ರಿಕೆಯ ಮೇಲೆ ಅಧಿಕಾರಿಗಳ ಕಣ್ಣಿತ್ತು. ಸೀಸದ ಮೊಳೆಗಳ ಆ ಭಾರವನ್ನೂ ಯಂತ್ರವನ್ನೂ ಕತ್ತಲಲ್ಲಿ ಚಾರ್ಲ್ಸ್ ನದಿ ದಾಟಿಸಿ, ಸುಮಾರು 65 ಕಿಲೋಮೀಟರ್ ಒಳನಾಡಿನ ವೂಸ್ಟರಿಗೆ ಸಾಗಿಸಿದರು. ನನ್ನ ದೃಷ್ಟಿಯಲ್ಲಿ ಅವನ ಬಾಳಿನ ದೊಡ್ಡ ಸಾಹಸ ಇದೇ. ಮೂರು ದಿನದ ನಂತರದ ಹೋರಾಟದಲ್ಲಿ ಅವನು ಹಲವರಲ್ಲಿ ಒಬ್ಬ. ಅಚ್ಚುಕೂಟ ಶತ್ರುವಿನ ಕೈಗೆ ಸಿಕ್ಕಿದ್ದರೆ ಮೇ 3ರ ಸಂಚಿಕೆ ಹೊರಬರುತ್ತಲೇ ಇರಲಿಲ್ಲ. ವೂಸ್ಟರಿನಲ್ಲಿ ಅಚ್ಚಾದ ಮೊಟ್ಟಮೊದಲ ವಸ್ತುವೇ ಆ ಸಂಚಿಕೆ.

ಅದನ್ನು ಓದುವಾಗ ಮೊದಲ ಪುಟದಲ್ಲಿ ಯುದ್ಧ ಹುಡುಕಬೇಡ. ನಾಲ್ಕು ಪುಟದ ಪತ್ರಿಕೆ ಎಂದರೆ ಮಡಿಸಿದ ಒಂದೇ ಹಾಳೆ. 1 ಮತ್ತು 4ನೇ ಪುಟಗಳನ್ನು ಒಟ್ಟಿಗೆ ಮೊದಲೇ ಅಚ್ಚು ಹಾಕಿಡುತ್ತಿದ್ದರು. ತಡವಾಗಿ ಬಂದ ಸುದ್ದಿ 2 ಮತ್ತು 3ನೇ ಪುಟಕ್ಕೆ ಹೋಗುತ್ತಿತ್ತು. ಏಪ್ರಿಲ್ 19ರ ಲೆಕ್ಸಿಂಗ್ಟನ್ ಕದನವನ್ನು ಎಂದೆಂದಿಗೂ ನೆನಪಿಡಿ ಎಂದು ಅಮೆರಿಕನ್ನರಿಗೆ ಕರೆಕೊಡುವ ವರದಿ ಒಳಪುಟದಲ್ಲಿರುವುದು ಇದೇ ಕಾರಣಕ್ಕೆ. ಸುದ್ದಿಯ ಬೆಲೆ ತಿಳಿಯದೆ ಒಳಗೆ ಹಾಕಿದರೆಂದು ಬರೆದೀಯ, ಜೋಕೆ. ಇನ್ನೊಂದು, ಆ ಕಾಲದಲ್ಲಿ ಪದದ ನಡುವಿನ 'ಎಸ್' ಅಕ್ಷರ ಉದ್ದವಾಗಿ, 'ಎಫ್' ಹಾಗೆ ಕಾಣುತ್ತದೆ. ಕಂಪ್ಯೂಟರಿನಲ್ಲಿ ಹುಡುಕುವಾಗ ಎರಡೂ ಬಗೆಯಲ್ಲಿ ಟೈಪ್ ಮಾಡಿ ನೋಡು, ಇಲ್ಲದಿದ್ದರೆ ಎಷ್ಟೋ ಸಾಲು ಕೈತಪ್ಪುತ್ತವೆ.

ನಾಗರಿಕ ಸೈನಿಕರ ವಿಷಯಕ್ಕೆ ಮ್ಯಾಸಚೂಸೆಟ್ಸ್ ಪ್ರಾಂತೀಯ ಕಾಂಗ್ರೆಸ್ಸಿನ 1774ರ ಅಕ್ಟೋಬರ್ ನಿರ್ಣಯವನ್ನು ಆಧಾರವಾಗಿಟ್ಟುಕೊ. ಊರ ಪಡೆಯ ಕಾಲುಭಾಗ ಕರೆದ ಕೂಡಲೇ ಹೊರಡಲು ಸಿದ್ಧವಿರಬೇಕು. ಅದೇ ಕಾಂಗ್ರೆಸ್ಸು ಡಿಸೆಂಬರಿನಲ್ಲಿ ಹೇಳಿದ್ದು ಇದು: ತಲಾ ಒಂದು ಬಂದೂಕು, ಬಯೋನೆಟ್, ಚೀಲ, 30 ತೋಟೆ. ವಾರಕ್ಕೆ ಮೂರು ಬಾರಿ ಕವಾಯತು. ಏಪ್ರಿಲ್ 19ರಂದು ಥಾಮಸ್ ಯಾವ ಹೊತ್ತಿಗೆ ಎಲ್ಲಿ ನಿಂತಿದ್ದ ಎಂಬುದನ್ನು ಕಲ್ಪನೆಯಿಂದ ತುಂಬಬೇಡ. ಮೊದಲ ಗುಂಡು ಹಾರಿಸಿದವರು ಯಾರೆಂದು ಇವತ್ತಿಗೂ ತೀರ್ಮಾನವಾಗಿಲ್ಲ. ಅವನ ಪತ್ರಿಕೆಯಾದರೋ ಬ್ರಿಟಿಷರೇ ಎಂದು ಖಡಾಖಂಡಿತವಾಗಿ ಹೇಳುತ್ತದೆ. ಅದು ಹೋರಾಟಗಾರನ ವರದಿ. ಹಾಗೆಂದೇ ನಿನ್ನ ಓದುಗರಿಗೆ ತಿಳಿಸು.

1786ರ ಘಟ್ಟವನ್ನು ಹಾರಿಸಿಬಿಡಬೇಡ. ಸರ್ಕಾರ ಪತ್ರಿಕೆಯ ಜಾಹೀರಾತಿಗೆ ತೆರಿಗೆ ಹಾಕಿದಾಗ ಅವನು 'ಸ್ಪೈ'ಯನ್ನೇ ನಿಲ್ಲಿಸಿ, ಅದರ ಬದಲು ನಿಯತಕಾಲಿಕದ ರೂಪದಲ್ಲಿ 'ವೂಸ್ಟರ್ ಮ್ಯಾಗಜೀನ್' ಹೊರಡಿಸಿದ. 1788ರಲ್ಲಿ ಮತ್ತೆ 'ಸ್ಪೈ' ಬಂತು. ಜಾಹೀರಾತು ನಿಂತರೆ ಸಣ್ಣ ಊರಿನ ಪತ್ರಿಕೆಯ ಉಸಿರೇ ನಿಂತಂತೆ, ಅದನ್ನು ಬಲ್ಲವನು ಅವನು.

ವಿದ್ವಾಂಸನಾಗಿ ಅವನು ನನಗೆ ಹಿಡಿಸುವುದು 1810ರ 'ಅಮೆರಿಕದ ಮುದ್ರಣದ ಚರಿತ್ರೆ'ಯಲ್ಲಿ. ಎರಡು ಸಂಪುಟ. ರಾಜನ ಪಕ್ಷದಲ್ಲಿದ್ದ ನ್ಯೂಯಾರ್ಕಿನ ಮುದ್ರಕ ರಿವಿಂಗ್ಟನ್ ಬಗ್ಗೆ ಬರೆಯುವಾಗ, ಪತ್ರಿಕೆ ನಡೆಸಲು ಅವನಷ್ಟು ಯೋಗ್ಯರು ವಿರಳ ಎನ್ನುವ ಅರ್ಥದ ಮಾತು ಬರೆದಿದ್ದಾನೆ. ಕಾದಾಡಿದ ಕೈಯೇ ಎದುರಾಳಿಗೆ ಸಲ್ಲಬೇಕಾದ್ದನ್ನು ಸಲ್ಲಿಸಿತು. ಆ ಭಾಗವನ್ನೂ ಮೇ 3ರ ವರದಿಯನ್ನೂ ಅಕ್ಕಪಕ್ಕ ಇಟ್ಟು ಓದು, ನಿನ್ನ ಪುಸ್ತಕದ ನಡು ಅಲ್ಲಿದೆ.

1812ರಲ್ಲಿ ಆ ಆಂಟಿಕ್ವೇರಿಯನ್ ಸೊಸೈಟಿ ಕಟ್ಟಿ ತನ್ನ ಗ್ರಂಥಭಂಡಾರವನ್ನೇ ಅದಕ್ಕೆ ಕೊಟ್ಟ. ಬಾಸ್ಟನ್ ಬಿಟ್ಟು ವೂಸ್ಟರನ್ನು ಆರಿಸಿದ್ದಕ್ಕೆ ಒಂದು ಕಾರಣ, ಬ್ರಿಟನ್ನಿನೊಡನೆ ಆಗ ಮತ್ತೆ ನಡೆಯುತ್ತಿದ್ದ ಕಡಲ ದಂಡೆಯ ಯುದ್ಧದಿಂದ ಆ ಊರು ದೂರವಿತ್ತು. 1813ರಲ್ಲಿ ಬೀದಿಯಲ್ಲಿ ಮಾರುವ ಹಾಡಿನ ಹಾಳೆಗಳನ್ನು ಕೊಂಡು 1814ರಲ್ಲಿ ಬೈಂಡು ಮಾಡಿಸಿಟ್ಟ, ಜನಸಾಮಾನ್ಯರು ಆಗ ಏನು ಓದುತ್ತಿದ್ದರೆಂದು ಮುಂದಿನವರಿಗೆ ತಿಳಿಯಲಿ ಎಂದು.

ಅಲ್ಲಿಗೆ ಹೋಗುವಾಗ ಪೆನ್ನು ಬೇಡ, ಪೆನ್ಸಿಲ್ ಒಯ್ಯಿ. ಪ್ರತಿ ಟಿಪ್ಪಣಿಗೂ ಸಂಚಿಕೆಯ ದಿನಾಂಕ, ಪುಟ, ಕಾಲಂ ಬರೆದುಕೊ. ಬೇರೆ ಊರಿನಿಂದ ಎತ್ತಿ ಹಾಕಿದ ಸುದ್ದಿಯಾದರೆ ಮೇಲಿನ ಊರಿನ ಹೆಸರು, ತಾರೀಕನ್ನೂ ಗುರುತು ಹಾಕು. ಏಪ್ರಿಲ್ 16ರ ಅಧ್ಯಾಯ ಮೊದಲು ಬರೆದು ನನಗೆ ಕಳಿಸು, ಕರಡು ತಿದ್ದಿ ಕೊಡುತ್ತೇನೆ.

ಇಂತಿ,
ನಿನ್ನ ಮಾವ