ಪ್ರಯೋಗದ ಅವಕಾಶ ಎಲ್ಲ ಸಮುದಾಯಗಳಿಗೂ ಸಿಗಲಿ

ಮಾನ್ಯ ಸಂಪಾದಕರೇ,

ಕಿರುಚಿತ್ರಗಳಲ್ಲಿ ಎಲ್ಲ ಸಮುದಾಯಗಳಿಗೂ ಪ್ರಾತಿನಿಧ್ಯ ಇರಬೇಕೆಂಬ ಮಾತು ಈಗ ಆಗಾಗ ಕೇಳಿಬರುತ್ತಿದೆ. ಆದರೆ ಪರದೆಯ ಮೇಲೆ ಯಾರ ಮುಖ ಕಂಡಿತು ಎಂಬುದರಿಂದಲೇ ನಾವು ಅದನ್ನು ಅಳೆಯುತ್ತೇವೆ. ಕ್ಯಾಮೆರಾವನ್ನು ಎಲ್ಲಿಡಬೇಕು, ಯಾರ ದನಿ ಕೇಳಿಸಬೇಕು, ಕಥೆಯನ್ನು ಎಲ್ಲಿ ಮುರಿಯಬೇಕು ಎಂದು ತೀರ್ಮಾನಿಸಿದವರು ಯಾರೆಂದು ವಿಚಾರಿಸುವುದಿಲ್ಲ. ಹೇಳುವ ರೀತಿಯೇ ಜೀವಾಳವಾಗಿರುವ ಪ್ರಾಯೋಗಿಕ ಕಿರುಚಿತ್ರದಲ್ಲಿ ಈ ಪ್ರಶ್ನೆಯನ್ನು ಬದಿಗಿಡಲಾಗದು.

1948ರಲ್ಲಿ ಆರಂಭವಾದ, ಕೇಂದ್ರ ಸರ್ಕಾರದ ಸಾಕ್ಷ್ಯಚಿತ್ರ ನಿರ್ಮಾಣ ಸಂಸ್ಥೆಯಾದ ಫಿಲ್ಮ್ಸ್ ಡಿವಿಷನ್‌ನಲ್ಲಿ ಅರವತ್ತರ ದಶಕದ ಹೊತ್ತಿಗೆ ಪ್ರಮೋದ್ ಪತಿ, ಎಸ್.ಎನ್.ಎಸ್. ಶಾಸ್ತ್ರಿ ಅವರಂಥ ನಿರ್ದೇಶಕರು ಸರ್ಕಾರಿ ವೆಚ್ಚದಲ್ಲೇ ದಿಟ್ಟ ಪ್ರಯೋಗಗಳನ್ನು ಮಾಡಿದರು. ಆ ಸಾಲಿನಲ್ಲಿ ಮಹಿಳೆಯರು ವಿರಳ.

ಬೇರೆ ದಾರಿಯೊಂದನ್ನು ತೋರಿದ್ದು ದೀಪಾ ಧನರಾಜ್, ಅಭಾ ಭೈಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ ಕಟ್ಟಿದ ‘ಯುಗಾಂತರ’ ಎಂಬ ಸ್ತ್ರೀವಾದಿ ಚಿತ್ರತಂಡ. 1980ರ ದಶಕದ ಆರಂಭದಲ್ಲಿ ಈ ತಂಡ ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ ಬಂದು, ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿ ಹೋರಾಡುತ್ತಿದ್ದ ಹೊತ್ತಿನಲ್ಲಿ ಅವರ ಜೊತೆಗಿದ್ದು, ಅವರೊಂದಿಗೆ ಚರ್ಚಿಸಿ ‘ತಂಬಾಕು ಚಾಕಿಲಾ ಓಬ್ ಆಲಿ’ ಎಂಬ ಕಿರುಚಿತ್ರವನ್ನು ರೂಪಿಸಿತು. ಹೈದರಾಬಾದಿನ ಮಹಿಳಾ ಸಂಘಟನೆ ‘ಸ್ತ್ರೀ ಶಕ್ತಿ ಸಂಘಟನಾ’ ಜೊತೆಗೂಡಿ ಮಾಡಿದ ‘ಇದಿ ಕಥಾ ಮಾತ್ರಮೇನಾ’ದಲ್ಲಿ ಮನೆಯೊಳಗಿನ ಹಿಂಸೆಯನ್ನು ಕಥಾರೂಪದಲ್ಲಿ ಕಟ್ಟಿತು. ದುಡಿಯುವ ಹೆಣ್ಣು ಇಲ್ಲಿ ಕೇವಲ ಚಿತ್ರೀಕರಣದ ವಸ್ತುವಾಗಿರಲಿಲ್ಲ, ಚಿತ್ರದ ಸ್ವರೂಪ ನಿರ್ಧರಿಸುವುದರಲ್ಲೂ ಆಕೆಗೆ ಪಾಲಿತ್ತು. ಭಾಷೆ ಮರಾಠಿಯೆಂಬ ಕಾರಣಕ್ಕೆ ನಿಪ್ಪಾಣಿಯ ಆ ಚಿತ್ರವನ್ನು ಕರ್ನಾಟಕದ ಚಿತ್ರ ಪರಂಪರೆಯಿಂದ ಹೊರಗಿಡುವುದು ಸರಿಯಲ್ಲವೆಂಬುದು ನನ್ನ ದೃಢ ಅಭಿಪ್ರಾಯ.

2024ರಲ್ಲಿ ಚಿದಾನಂದ ಎಸ್. ನಾಯ್ಕ್ ಅವರು ಪುಣೆಯ ಚಲನಚಿತ್ರ ಸಂಸ್ಥೆಯ ವಿದ್ಯಾರ್ಥಿಯಾಗಿ, ಮುದುಕಿಯೊಬ್ಬಳು ಊರಿನ ಕೋಳಿಯನ್ನು ಕದ್ದೊಯ್ದ ಜನಪದ ಕಥೆಯನ್ನು ಆಧರಿಸಿ ಮಾಡಿದ ಕನ್ನಡ ಕಿರುಚಿತ್ರ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿಗಳ ಚಿತ್ರಗಳಿಗೆಂದೇ ಇರುವ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು. ನಮ್ಮ ಅಜ್ಜಿಯರ ಕಥೆಗೆ ಅಷ್ಟು ದೂರ ಹೋಗುವ ಶಕ್ತಿಯಿದೆ ಎಂಬುದು ಹೆಮ್ಮೆಯ ಸಂಗತಿ. ಆದರೆ ಅಂಥ ತರಬೇತಿಯ ಬಾಗಿಲು ತಲುಪುವವರು ಎಷ್ಟು ಮಂದಿ? ಮೊಬೈಲ್ ಕ್ಯಾಮೆರಾ ಎಲ್ಲರ ಕೈಗೂ ಬಂದಿದೆ ಎನ್ನುವವರು, ಧ್ವನಿಗ್ರಹಣ ಮತ್ತು ಸಂಕಲನದ ಖರ್ಚನ್ನೂ, ಉತ್ಸವಗಳ ಪ್ರವೇಶ ಶುಲ್ಕವನ್ನೂ, ಎಲ್ಲಕ್ಕಿಂತ ಮಿಗಿಲಾಗಿ ದಿನಗೂಲಿ ಬಿಟ್ಟು ಕೂರಲಾಗದವರ ಸ್ಥಿತಿಯನ್ನೂ ಮರೆಯುತ್ತಾರೆ. ಇನ್ನೊಂದು ಅಡ್ಡಿ ಇನ್ನೂ ಸೂಕ್ಷ್ಮವಾದದ್ದು: ದಲಿತ, ಅಲೆಮಾರಿ ಅಥವಾ ಬುಡಕಟ್ಟು ಸಮುದಾಯದ ಯುವತಿಯೊಬ್ಬಳು ಕ್ಯಾಮೆರಾ ಹಿಡಿದರೆ ತನ್ನ ಸಂಕಟವನ್ನು ನೇರವಾಗಿ ವರದಿ ಮಾಡಲಿ ಎಂದು ನಾವು ನಿರೀಕ್ಷಿಸುತ್ತೇವೆ. ಕನಸು ಕಾಣುವ, ಕಾಲವನ್ನು ಹಿಂದುಮುಂದಾಗಿಸುವ, ಅರ್ಥವಾಗದೆಯೂ ಕಾಡುವ ಬಿಂಬವೊಂದನ್ನು ಕಟ್ಟುವ ಸ್ವಾತಂತ್ರ್ಯ ಅವಳಿಗೂ ಇರಬೇಕು.

ಕರ್ನಾಟಕ ಚಲನಚಿತ್ರ ಅಕಾಡೆಮಿಯು ಪ್ರಾಯೋಗಿಕ ಕಿರುಚಿತ್ರಗಳಿಗೆಂದೇ ಸಣ್ಣ ಮೊತ್ತದ ಧನಸಹಾಯವನ್ನು ಜಿಲ್ಲಾವಾರು ನೀಡಬೇಕು. ತುಳು, ಕೊಡವ, ಕೊಂಕಣಿ, ಬ್ಯಾರಿ, ಲಂಬಾಣಿ ಭಾಷೆಗಳ ಅರ್ಜಿಗಳನ್ನು ಆಹ್ವಾನಿಸಿ, ಆ ಭಾಷೆ ಬಲ್ಲವರನ್ನು ಆಯ್ಕೆ ಸಮಿತಿಯಲ್ಲಿ ಕೂರಿಸಬೇಕು. ಯುಗಾಂತರದ ಚಿತ್ರಗಳನ್ನು ಕನ್ನಡ ಅಡಿಬರಹದೊಂದಿಗೆ ತಾಲ್ಲೂಕು ಕೇಂದ್ರಗಳಲ್ಲಿ, ಮೊದಲಿಗೆ ನಿಪ್ಪಾಣಿಯಲ್ಲೇ, ಪ್ರದರ್ಶಿಸಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ಧಾರವಾಡ