ಮಗಳಿಗೊಂದು ಪತ್ರ: ಪಾಸ್‌ವರ್ಡ್ ಕೇಳಿದರೆ ಕೊಡಬೇಡ

ಪ್ರೀತಿಯ ಮಗಳೇ,

ಕೆಲಸಕ್ಕೆ ಸೇರುವಾಗ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಪಾಸ್‌ವರ್ಡ್ ಕೇಳುತ್ತಿದ್ದಾರೆ, ಕೊಡಲಾ ಅಂತ ಬರೆದಿದ್ದೀಯ. 'ನಾನೇನೂ ತಪ್ಪು ಮಾಡಿಲ್ಲವಲ್ಲಮ್ಮಾ, ಮುಚ್ಚಿಡೋಕೆ ಏನಿದೆ?' ಅಂತಲೂ ಕೇಳಿದ್ದೀಯ.

ಕೊಡಬೇಡ ಕಂದಾ. ನೀನು ತಪ್ಪು ಮಾಡಿದ್ದೀಯಾ ಇಲ್ಲವಾ ಅನ್ನೋದು ಇಲ್ಲಿ ಮುಖ್ಯವೇ ಅಲ್ಲ. ಖಾತೆ ನಿನ್ನ ಹೆಸರಲ್ಲಿದೆ, ಸರಿ. ಅದರೊಳಗಿರುವುದೆಲ್ಲ ನಿನ್ನದಾ? ಸಂಸಾರದ ಕಷ್ಟ ತೋಡಿಕೊಂಡು ಗೆಳತಿ ಕಳಿಸಿದ ಮೆಸೇಜ್ ಅಲ್ಲಿದೆ. ಯಾರಿಗೂ ಹೇಳಬೇಡ ಅಂತ ತಮ್ಮ ಬರೆದದ್ದು ಅಲ್ಲಿದೆ. ಅವರೆಲ್ಲ ನಿನ್ನನ್ನು ನಂಬಿ ಬರೆದವರು. ಅದನ್ನು ನಿನ್ನ ಮ್ಯಾನೇಜರ್ ಓದಲಿ ಅಂತ ಅವರು ಯಾವತ್ತೂ ಒಪ್ಪಿಲ್ಲ.

ರೊಮೇನಿಯಾದಲ್ಲಿ ಹೀಗೇ ಆಯಿತು. ಒಬ್ಬ ಎಂಜಿನಿಯರ್‌ನ ಚಾಟ್‌ಗಳನ್ನು ಕಂಪನಿ ಗಮನಿಸುತ್ತಿತ್ತು. ಅದರಲ್ಲಿ ಅವನು ತನ್ನ ಅಣ್ಣತಮ್ಮನ ಜೊತೆ, ಮದುವೆಯಾಗಬೇಕಿದ್ದ ಹುಡುಗಿಯ ಜೊತೆ ಆಡಿದ ಮಾತೂ ಇತ್ತು. ಕೆಲಸವೂ ಹೋಯಿತು. ಕೊನೆಗೆ 2017ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಅವನ ಖಾಸಗಿ ಬದುಕಿಗೆ ಸಿಗಬೇಕಾದ ರಕ್ಷಣೆ ಸಿಕ್ಕಿಲ್ಲ ಅಂತ ತೀರ್ಪು ಕೊಟ್ಟಿತು. ಹತ್ತು ವರ್ಷ ಕಾದ ಮೇಲೆ!

ಪಾಸ್‌ವರ್ಡ್ ಕೇಳುವ ಚಾಳಿಯೂ ಹೊಸದಲ್ಲ. 2009ರಲ್ಲಿ ಅಮೆರಿಕದ ಬೋಜ್‌ಮನ್ ನಗರಾಡಳಿತ ಕೆಲಸಕ್ಕೆ ಅರ್ಜಿ ಹಾಕಿದವರಿಂದ ಪಾಸ್‌ವರ್ಡ್ ಕೇಳಿತ್ತು. ಜನ ಸಿಟ್ಟಾದ ಮೇಲೆ ಕೈಬಿಟ್ಟಿತು. 2012ರಲ್ಲಿ ಮೇರಿಲ್ಯಾಂಡ್ ಇದನ್ನು ಕಾನೂನು ಮಾಡಿಯೇ ನಿಲ್ಲಿಸಿತು. ಆಮೇಲೆ ಅಲ್ಲಿನ ಬೇರೆ ಎಷ್ಟೋ ರಾಜ್ಯಗಳೂ ಅದೇ ದಾರಿ ಹಿಡಿದವು. ಪಾಸ್‌ವರ್ಡ್ ಯಾರಿಗೂ ಕೊಡಬಾರದು ಅಂತ ಫೇಸ್‌ಬುಕ್ಕಿನ ನಿಯಮದಲ್ಲೇ ಇದೆ.

'ಇಷ್ಟ ಇದ್ದರೆ ಕೊಡಿ' ಅಂತಾರೆ ನೋಡು, ನನಗೆ ಜಾಸ್ತಿ ಸಿಟ್ಟು ಬರೋದು ಆ ಮಾತಿಗೆ. ಕೆಲಸ ಬೇಕಾದವಳು ಇಲ್ಲ ಅನ್ನೋದು ಅಷ್ಟು ಸುಲಭವಾ? ಸಂಬಳ ಕೊಡುವವರ ಮುಂದೆ ಹೂಂ ಅಂದದ್ದನ್ನು ಒಪ್ಪಿಗೆ ಅಂತ ನಾನಂತೂ ಕರೆಯಲಾರೆ. ಒಳಗೆ ಬಂದವರಿಗೆ ನಿನ್ನ ಆರೋಗ್ಯ, ದೇವರು, ರಾಜಕೀಯ, ಮದುವೆ ವಿಚಾರ ಎಲ್ಲ ಕಾಣುತ್ತದೆ. ಇಂಟರ್‌ವ್ಯೂನಲ್ಲಿ ಬಾಯಿಬಿಟ್ಟು ಕೇಳಲು ಹಿಂಜರಿಯುವುದನ್ನು ಸುಮ್ನೆ ಓದಿಕೊಳ್ಳಬಹುದು. ಅದನ್ನು ಓದಿಯೇ ನಿನ್ನನ್ನು ಬಿಟ್ಟರು ಅಂತ ಸಾಬೀತು ಮಾಡೋದು ಹೇಗೆ?

ಕಂಪನಿಯವರ ಚಿಂತೆಯೂ ಸುಳ್ಳಲ್ಲ. ಯಾರೋ ಕಚೇರಿಯ ಗುಟ್ಟು ಹೊರಗೆ ಹಾಕಬಹುದು, ಜೊತೆಗೆ ಕೆಲಸ ಮಾಡುವವರಿಗೆ ಕೆಟ್ಟದಾಗಿ ಬರೆದು ಕಾಟ ಕೊಡಬಹುದು. ಹಾಗೇನಾದರೂ ದೂರು ಬಂದರೆ ಆ ಪೋಸ್ಟ್ ಬಗ್ಗೆ ಕೇಳಲಿ, ಉತ್ತರ ಕೊಡು. ಎಲ್ಲರಿಗೂ ಕಾಣುವಂತೆ ನೀನೇ ಹಾಕಿದ್ದನ್ನು ಅವರೂ ನೋಡುತ್ತಾರೆ, ಅದಕ್ಕೆ ಬೇಜಾರಾಗಬೇಡ. ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ನಿನ್ನ ಖಾತೆ ತೆರೆಯಲೇಬೇಡ.

'ಹಳೆಯ ಕಚೇರಿಯವರನ್ನು ವಿಚಾರಿಸಿ, ನನ್ನ ಕೆಲಸ ನೋಡಿ. ಪಾಸ್‌ವರ್ಡ್ ಕೊಡಲಾರೆ, ಅದರಲ್ಲಿ ಬೇರೆಯವರ ಮಾತೂ ಇದೆ' ಅಂತ ಮರ್ಯಾದೆಯಿಂದಲೇ ಬರೆದು ಕಳಿಸು. ಅವರ ಉತ್ತರವನ್ನೂ ಬರಹದಲ್ಲೇ ಕೇಳು. ಇದೊಂದಕ್ಕೇ ಕೆಲಸ ಇಲ್ಲ ಅಂದರೆ ಬಿಡು, ಬೇರೆ ಹುಡುಕೋಣ. ಅಲ್ಲಿಯವರೆಗೆ ಖರ್ಚಿಗೆ ನಾನಿದ್ದೇನೆ.

ಇಂತಿ,
ನಿನ್ನ ಅಮ್ಮ